ನೋಡದ ಕಾಯಿಲೆಗಳ ಬಗ್ಗೆ ಪುಟ್ಟಿಗೆ ಒಂದು ಪತ್ರ

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕಾಫಿ ಕೊಯ್ಲು ಶುರುವಾಗಿದೆ, ನಿನ್ನಪ್ಪ ಬೆಳಗಾದರೆ ಕಣದ ಹತ್ತಿರವೇ ಇರುತ್ತಾನೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಒಂಬತ್ತು ತಿಂಗಳ ದಡಾರದ ಚುಚ್ಚುಮದ್ದಿಗೆ ಪಾಪುವಿಗೆ ಜ್ವರ ಬಂದಿತ್ತು, ಈಗ ಹದಿನಾರು ತಿಂಗಳಿನದು ಹಾಕಿಸಬೇಕಂತೆ, ಇದೊಂದು ಬಿಟ್ಟರೆ ಏನಾಗುತ್ತದೆ ಅತ್ತೆ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಡಾರ ಬಂದ ಒಂದು ಮಗುವನ್ನೂ ನಾನು ಕಂಡಿಲ್ಲ ಎಂದೆ. ‘ಸುಮ್ಮನೆ ಹಾಕಿಸು’ ಅಂತ ಹೇಳಿ ನಾನು ಫೋನಿಟ್ಟೆ. ಓದಿದ ಹುಡುಗಿಗೆ ಅಷ್ಟು ಹೇಳಿದರೆ ಸಾಲದು. ಕಾರಣ ಕೇಳುವ ಹಕ್ಕು ತಾಯಿಗೆ ಇದ್ದೇ ಇದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ನರ್ಸಮ್ಮನಾಗಿ ಕೆಲಸಕ್ಕೆ ಸೇರಿದ್ದು 1970ರ ದಶಕದ ಕೊನೆಯಲ್ಲಿ. ಆಗ ಈ ಕಡೆಯ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ದಡಾರ ಅಂದರೆ ಹಬ್ಬ ಬಂದ ಹಾಗೆ ವರ್ಷವರ್ಷ ಬರುತ್ತಿತ್ತು. ಒಂದು ಕೋಣೆ, ಒಂದು ಒಲೆ, ಹೊಗೆ. ಮೂಲೆಯಲ್ಲಿ ಚಾಪೆಯ ಮೇಲೆ ಮಗು. ಕಣ್ಣಿಗೆ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತಿತ್ತು, ಬಾಗಿಲು ಸ್ವಲ್ಪ ತೆರೆದರೂ ಬೆಳಕಿಗೆ ಮುಖ ಆ ಕಡೆ ತಿರುಗಿಸುತ್ತಿತ್ತು. ಬಾಯಿ ಒಳಗೆಲ್ಲ ಹುಣ್ಣು, ಹಾಲು ಕುಡಿಯಲಾರದು. ಬಾಗಿಲಿಗೆ ಬೇವಿನ ಸೊಪ್ಪು. ಮನೆಯಲ್ಲಿ ಒಗ್ಗರಣೆ ಇಲ್ಲ, ಎಣ್ಣೆ ಕಾಯಿಸುವಂತಿಲ್ಲ. ‘ಅಮ್ಮ ಬಂದಿದ್ದಾಳೆ ಸಿಸ್ಟರ್, ಸೂಜಿ ಮುಟ್ಟಿಸಬೇಡಿ’ ಎಂದು ಅಜ್ಜಿ ಬಾಗಿಲಲ್ಲೇ ಕೈಮುಗಿಯುತ್ತಿದ್ದರು. ಆ ಮಾತಿಗೆ ನಾನು ಎಂದೂ ಎದುರಾಡಿದವಳಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು, ಅಮ್ಮನಿಗೆ ಕೋಪ ಬರುವುದಿಲ್ಲ, ಗಂಜಿಯ ತಿಳಿಯಾದರೂ ಕುಡಿಸಿ ಎಂದು ಬೇಡಿಕೊಳ್ಳುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಎ ವಿಟಮಿನ್ ದ್ರವ ಬಂತು, ಅದನ್ನು ಚಮಚದಲ್ಲಿ ಕೊಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಅದರಿಂದ ಎಷ್ಟೋ ಮಕ್ಕಳ ಕಣ್ಣು ಉಳಿಯಿತು.

ಬೇವಿನ ಸೊಪ್ಪಿನ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಈ ಮನೆಗೆ ಬರಬೇಡಿ, ನಿಮ್ಮ ಮಕ್ಕಳನ್ನು ಕಳಿಸಬೇಡಿ ಎಂದು ಓದು ಬಾರದವರಿಗೂ ತಿಳಿಯುವಂತೆ ಹೇಳುವ ಏರ್ಪಾಡು ಅದು. ಹಿರಿಯರು ಸೋತದ್ದು ಬೇರೆ ಕಡೆ. ಮೈಮೇಲೆ ಗುಳ್ಳೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ದಡಾರ ಹರಡಲು ಶುರುವಾಗಿರುತ್ತದೆ. ಆಗ ಅದು ಬರೀ ನೆಗಡಿ, ಕೆಮ್ಮು, ಕೆಂಪು ಕಣ್ಣು. ಸೊಪ್ಪು ಕಟ್ಟುವ ಹೊತ್ತಿಗೆ ಸಾಲಿನ ಉಳಿದ ಕೋಣೆಗಳ ಮಕ್ಕಳೊಳಗೆ ಆಗಲೇ ಅದು ಸೇರಿಕೊಂಡಿರುತ್ತಿತ್ತು. ಯಾವ ರಕ್ಷಣೆಯೂ ಇಲ್ಲದವರ ನಡುವೆ ಒಬ್ಬ ದಡಾರದ ರೋಗಿ ಹನ್ನೆರಡರಿಂದ ಹದಿನೆಂಟು ಮಂದಿಗೆ ಅಂಟಿಸಬಲ್ಲ. ಅದಕ್ಕೇ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು ಎನ್ನುವುದು. ತೊಂಬತ್ತಾದರೆ ಸಾಕಲ್ಲ ಎನ್ನುವಂತಿಲ್ಲ.

ಎರಡು ಯಾಕೆ ಎಂದು ನೀನು ಕೇಳಿದೆ. ಒಂಬತ್ತು ತಿಂಗಳಿಗೆ ಕೊಟ್ಟದ್ದು ಎಲ್ಲ ಮಕ್ಕಳಲ್ಲೂ ಕಚ್ಚಿಕೊಳ್ಳುವುದಿಲ್ಲ. ತಾಯಿಯಿಂದ ಬಂದ ರಕ್ಷಣೆ ಇನ್ನೂ ಸ್ವಲ್ಪ ಉಳಿದಿದ್ದರೆ ಅದೇ ಲಸಿಕೆಗೆ ಅಡ್ಡ ಬರುತ್ತದೆ. ಹಾಗೆ ತಪ್ಪಿಹೋದ ಮಕ್ಕಳನ್ನು ಹಿಡಿಯುವುದು ಎರಡನೆಯದು. ನಿನ್ನ ಪಾಪು ತಪ್ಪಿದವರಲ್ಲಿ ಇದ್ದಾನೋ ಇಲ್ಲವೋ ಎಂದು ನೋಡಿ ಹೇಳಲು ಆಗುವುದಿಲ್ಲ.

ನಿನ್ನ ಗಂಡನ ಸ್ನೇಹಿತರು ‘ಕಾಯಿಲೆ ಬಂದು ಹೋದರೇ ಗಟ್ಟಿ’ ಎಂದರಂತೆ. ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ, ಅದು ಸರಿ. ಆದರೆ ಅದು ಬಿಟ್ಟುಹೋಗುವಾಗ ಏನು ಮಾಡುತ್ತದೆಂದು ಅವರಿಗೆ ಗೊತ್ತಿಲ್ಲ. ಗುಳ್ಳೆ ಬಾಡಿ ತಲೆಗೆ ನೀರು ಹಾಕಿದ ಮೇಲೆಯೇ ನಮ್ಮ ಕಷ್ಟ ಶುರುವಾಗುತ್ತಿತ್ತು. ತಿಂಗಳುಗಟ್ಟಲೆ ಒಂದಾದ ಮೇಲೊಂದು ಭೇದಿ, ಎದೆಕಟ್ಟು, ಕಿವಿ ಸೋರುವುದು. ದಡಾರದಲ್ಲಿ ಉಳಿದ ಮಗು ನ್ಯುಮೋನಿಯಾದಲ್ಲಿ ಹೋಗುತ್ತಿತ್ತು. ಯಾಕೆ ಹೀಗೆ ಎಂದು ಆಗ ನಮಗೆ ತಿಳಿದಿರಲಿಲ್ಲ. ಈಗ ವಿಜ್ಞಾನಿಗಳು ಕಂಡುಕೊಂಡಿದ್ದಾರೆ: ಹಿಂದೆ ಎದುರಿಸಿದ ರೋಗಗಳನ್ನು ದೇಹ ನೆನಪಿಟ್ಟುಕೊಂಡಿರುತ್ತದಲ್ಲ, ಆ ನೆನಪನ್ನೇ ದಡಾರ ಅಳಿಸಿಹಾಕುತ್ತದೆ. ಲಸಿಕೆ ಹಾಗೆ ಮಾಡುವುದಿಲ್ಲ. ಗಟ್ಟಿಯಾಗಲಿ ಎಂದು ಬಿಟ್ಟ ಮಗು ಇದ್ದ ಬಲವನ್ನೂ ಕಳೆದುಕೊಂಡು ಏಳುತ್ತದೆ.

ಇನ್ನು ನಿನ್ನಪ್ಪನ ಕಾಲು. ನೀನು ಹುಟ್ಟಿದಾಗಿನಿಂದ ಅವನ ಕುಂಟು ನೋಡಿದ್ದೀಯ, ಅದು ನಿನಗೆ ಅಪ್ಪನ ನಡಿಗೆ. ನನಗೆ ಹಾಗಲ್ಲ. ಅದಕ್ಕೆ ಮೊದಲು ಅಂಗಳದ ತುಂಬ ಓಡಾಡುತ್ತಿದ್ದ ಮಗುವನ್ನು ನಾನು ಕಂಡಿದ್ದೆ. ಎರಡು ವರ್ಷ ಆಗಿತ್ತು ಅವನಿಗೆ. ಮಳೆಗಾಲದ ಜ್ವರ, ಎಲ್ಲ ಮಕ್ಕಳಿಗೂ ಬಂದ ಹಾಗೆ ಬಂತು, ಬಿಟ್ಟಿತು. ಬಿಟ್ಟ ಮೇಲೆ ಬಲಗಾಲು ಏಳಲಿಲ್ಲ. ಅಜ್ಜಿ ವರ್ಷವಿಡೀ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರು. ಅಜ್ಜ ಅವನನ್ನು ಹೆಗಲ ಮೇಲೆ ಹೊತ್ತು ಮಡಿಕೇರಿಗೂ ಮೈಸೂರಿಗೂ ಹೋಗಿಬಂದರು. ಈಗಲೂ ಮೀನಖಂಡ ಎಡಗಾಲಿಗಿಂತ ಬಲಗಾಲಿನಲ್ಲಿ ಅರ್ಧ. ಪಾದವೂ ಚಿಕ್ಕದು. ಮಳೆಗಾಲದಲ್ಲಿ ಗಂಬೂಟು ಹಾಕುವ ಮೊದಲು ಅವನು ಬಲಗಾಲಿನ ಬೂಟಿಗೆ ಹಳೇ ಬಟ್ಟೆ ತುರುಕುವುದನ್ನು ನೀನು ಚಿಕ್ಕವಳಿದ್ದಾಗ ದಿನಾ ನೋಡುತ್ತಿದ್ದೆ. ಆ ಬಟ್ಟೆಯ ಹಿಂದೆ ಇರುವುದು ಪೋಲಿಯೋ.

ಆ ವರ್ಷ ಊರಿನ ಎಷ್ಟು ಮಕ್ಕಳಿಗೆ ಅದೇ ವೈರಸ್ ತಗುಲಿತ್ತೋ! ಬಹುಪಾಲು ಮಕ್ಕಳಿಗೆ ಅದು ಬರೀ ಜ್ವರವಾಗಿ ಹೋಗುತ್ತದೆ, ಎಷ್ಟೋ ಮಕ್ಕಳಿಗೆ ಬಂದದ್ದೇ ತಿಳಿಯುವುದಿಲ್ಲ. ಸುಮಾರು ಇನ್ನೂರರಲ್ಲಿ ಒಂದು ಮಗುವಿಗೆ ಮಾತ್ರ ಕಾಲು ಹೋಗುತ್ತದೆ. ಆ ಒಂದು ನಮ್ಮ ಮನೆಯಲ್ಲಿತ್ತು. 2009ರಲ್ಲಿ ಕೂಡ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ ಬಂದಿತ್ತು. ಮರುವರ್ಷ 42. ಅದರ ಮರುವರ್ಷ ಒಂದೇ ಒಂದು, 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಅಲ್ಲಿಗೆ ನಿಂತಿತು. 2014ರ ಮಾರ್ಚ್ 27ರಂದು ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಬಂದ ಸುದ್ದಿಯನ್ನು ನಿನ್ನಪ್ಪ ಪೇಪರಿನಲ್ಲಿ ಎರಡು ಸಲ ಓದಿದ. ಏನೂ ಮಾತಾಡಲಿಲ್ಲ, ಪೇಪರು ಮಡಚಿ ನನ್ನ ಕೈಗೆ ಕೊಟ್ಟ.

ಅಷ್ಟು ಸುಲಭಕ್ಕೆ ನಿಲ್ಲಲಿಲ್ಲ ಅದು. ಪಲ್ಸ್ ಪೋಲಿಯೋ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಬೂತ್, ಮರುದಿನದಿಂದ ಮನೆಮನೆ. ತೋಟದ ರಸ್ತೆಯಲ್ಲಿ ಜೀಪು ಹೋಗುವಷ್ಟು ದೂರ ಜೀಪು, ಆಮೇಲೆ ನಡಿಗೆ. ಹೆಗಲಿಗೆ ಐಸ್‌ಪ್ಯಾಕ್ ತುಂಬಿದ ಲಸಿಕೆ ಪೆಟ್ಟಿಗೆ. ಸೀಸೆಯ ಮೇಲಿನ ಚೌಕದ ಬಣ್ಣ ನೋಡಿಕೊಳ್ಳಬೇಕು, ಬಿಸಿ ತಾಗಿದರೆ ಅದು ಕಪ್ಪಾಗುತ್ತದೆ, ಸುತ್ತಲಿನ ವೃತ್ತದ ಬಣ್ಣಕ್ಕೆ ಬಂದರೆ ಆ ಸೀಸೆ ಎಸೆಯಬೇಕು. ಎರಡು ಹನಿ ಹಾಕಿ, ಎಡಗೈ ಕಿರುಬೆರಳಿಗೆ ಮಾರ್ಕರ್ ಹಚ್ಚಿ, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದಿನ ಮನೆ. ಶಾಂತಳ್ಳಿ ಕಡೆಯ ಮಳೆ ನಿನಗೆ ಗೊತ್ತು. ಜಿಗಣೆ ಕಿತ್ತು ಎಸೆಯುತ್ತಾ ಒಂದು ಮಗುವಿಗೋಸ್ಕರ ಗುಡ್ಡ ಹತ್ತಿದ ಹೆಣ್ಣುಮಕ್ಕಳು ಈ ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದಾರೆ. ಅವರ ಹೆಸರು ಎಲ್ಲೂ ಬರೆದಿಲ್ಲ. ಇವತ್ತು ಆ ಕೆಲಸ ಆಶಾ ಕಾರ್ಯಕರ್ತೆಯರ ಹೆಗಲ ಮೇಲಿದೆ, ಅವರನ್ನು ಕಂಡರೆ ಮರ್ಯಾದೆಯಿಂದ ಮಾತಾಡಿಸು.

ಕಾಯಿಲೆಗಳು ಮರೆಯಾದವು ಎನ್ನುತ್ತೇವೆ, ಎಲ್ಲವೂ ಒಂದೇ ರೀತಿ ಮರೆಯಾಗಿಲ್ಲ. ಪೂರ್ತಿ ಹೋದದ್ದು ಸಿಡುಬು ಒಂದೇ. ನನ್ನ ಎಡತೋಳಿನ ಮೇಲೆ ಅದರ ಲಸಿಕೆಯ ಅಚ್ಚಿನ ಗುರುತಿದೆ, ನೀನು ಮಗುವಾಗಿದ್ದಾಗ ಬೆರಳಿಟ್ಟು ಆಡುತ್ತಿದ್ದೆ. ನಿನ್ನ ತೋಳಿನಲ್ಲಿರುವುದು ಅದಲ್ಲ, ಕ್ಷಯಕ್ಕೆ ಹಾಕುವ ಬಿಸಿಜಿಯದು. ಭಾರತದ ಕೊನೆಯ ಸಿಡುಬು 1975ರ ಮೇ ತಿಂಗಳಲ್ಲಿ, 1980ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು. ಹೋದ ಮೇಲೆ ಲಸಿಕೆಯನ್ನೂ ನಿಲ್ಲಿಸಿದರು, ನಿನಗೆ ಹಾಕಲೇ ಇಲ್ಲ. ಲಸಿಕೆ ಬೇಡವಾಗುವ ದಾರಿ ಅದೊಂದೇ: ಕೊನೆಯ ಮಗುವಿನವರೆಗೂ ಹಾಕಿ ಮುಗಿಸುವುದು. ದಡಾರವೂ ಮನುಷ್ಯರಲ್ಲಿ ಮಾತ್ರ ಬದುಕುವ ವೈರಸ್, ಅದನ್ನೂ ಹೀಗೆ ಮುಗಿಸಬಹುದು. ಇನ್ನೂ ಮುಗಿಸಿಲ್ಲ. ಪೋಲಿಯೋ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಇನ್ನೂ ಇದೆ.

ಧನುರ್ವಾಯುವಿನ ಕಥೆಯೇ ಬೇರೆ. ಅದು ಮಣ್ಣಿನಲ್ಲಿ, ಸಗಣಿಯಲ್ಲಿ ಇರುವಂಥದ್ದು, ಎಂದಿಗೂ ಹೋಗುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದೂ ಇಲ್ಲ, ಹಾಗಾಗಿ ಪಕ್ಕದ ಮನೆಯ ಮಗುವಿಗೆ ಹಾಕಿಸಿದರೆ ನಿನ್ನ ಮಗುವಿಗೆ ಯಾವ ಪ್ರಯೋಜನವೂ ಇಲ್ಲ. ಹಿಂದೆ ಕುಡುಗೋಲಿನಲ್ಲಿ ಹೊಕ್ಕುಳ ಬಳ್ಳಿ ಕೊಯ್ದು ಬೂದಿಯೋ ಸಗಣಿಯೋ ಮೆತ್ತುತ್ತಿದ್ದರು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಒಂದು ವಾರದ ಹೊತ್ತಿಗೆ ಬಾಯಿ ತೆರೆಯದೆ ಬಿಲ್ಲಿನಂತೆ ಬಾಗಿಬಿಡುತ್ತಿತ್ತು. ಅಂಥ ಕೂಸನ್ನು ಒಮ್ಮೆ ಎತ್ತಿಕೊಂಡವರು ಜನ್ಮದಲ್ಲಿ ಮರೆಯುವುದಿಲ್ಲ. ಬಸುರಿಯರಿಗೆ ಟಿಟಿ ಹಾಕಿ, ಹೆರಿಗೆ ಆಸ್ಪತ್ರೆಯಲ್ಲೇ ಆಗುವಂತೆ ಮಾಡಿ, 2015ರ ಹೊತ್ತಿಗೆ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯು ನಮ್ಮಲ್ಲಿ ನಿವಾರಣೆಯಾಯಿತೆಂದು ಒಪ್ಪಿದರು. ಮಣ್ಣು ಮಾತ್ರ ಅದೇ ಮಣ್ಣು.

ಗಂಟಲಮಾರಿಯ ಮಾತು ಹೇಳಿ ಮುಂದೆ ಹೋಗುತ್ತೇನೆ. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರು ಹಿಡಿಯುವ ಕಾಯಿಲೆ. ಇಂದಿನ ಎಷ್ಟೋ ಡಾಕ್ಟರುಗಳು ಅದನ್ನು ಕಣ್ಣಾರೆ ಕಂಡಿಲ್ಲ. ಹೋಯಿತು ಎಂದೇ ಅಂದುಕೊಂಡಿದ್ದೆವು. 2016ರಲ್ಲಿ ಕೇರಳದ ಮಲಪ್ಪುರಂನಲ್ಲಿ ಮತ್ತೆ ಕಾಣಿಸಿ ಶಾಲೆಗೆ ಹೋಗುವ ಮಕ್ಕಳನ್ನು ಕೊಂಡೊಯ್ದಿತು. ನಮ್ಮ ಕುಟ್ಟದ ಗಡಿ ದಾಟಿದರೆ ಕೇರಳವೇ, ದಿನಾ ಬಸ್ಸು ಓಡಾಡುತ್ತದೆ. 2022ರ ಕೊನೆಯಲ್ಲಿ ಮುಂಬಯಿಯಲ್ಲಿ ದಡಾರ ಎದ್ದದ್ದೂ ನಿನಗೆ ನೆನಪಿರಬೇಕು. ಬೆಂಗಳೂರಿಗೆ ಅಲ್ಲಿಂದ ಒಂದು ದಿನದ ರೈಲು. ಆನೆ ಎರಡು ವರ್ಷ ತೋಟಕ್ಕೆ ಇಳಿಯಲಿಲ್ಲವೆಂದು ಕಂದಕ ಮುಚ್ಚಿದವರ ಗದ್ದೆ ಏನಾಯಿತೆಂದು ನೀನೇ ಕಂಡಿದ್ದೀಯ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ದಡಾರ ಇಲ್ಲ ಅಂದರೆ ಅಲ್ಲಿನ ತಾಯಂದಿರು ಹಾಕಿಸಿದ್ದಾರೆ ಅಂತ ಅರ್ಥ.

ನಾಯಿಕೆಮ್ಮು ಕೂಡ ಹೀಗೆಯೇ. ದೊಡ್ಡವರಿಗೆ ಸಾಧಾರಣ ಕೆಮ್ಮಿನ ಹಾಗೆ ಬಂದು, ಅವರಿಂದ ಎರಡು ತಿಂಗಳ ಕೂಸಿಗೆ ಹೋದರೆ, ಆ ಕೂಸು ಕೆಲವೊಮ್ಮೆ ಕೆಮ್ಮುವುದೂ ಇಲ್ಲ, ನೀಲಿಗಟ್ಟಿ ಉಸಿರೇ ನಿಲ್ಲಿಸುತ್ತದೆ.

ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಅದು ಸುಳ್ಳು. ದಡಾರ-ರುಬೆಲ್ಲಾ ಹಾಕಿಸಿ ವಾರ ಹತ್ತು ದಿನಕ್ಕೆ ಜ್ವರ ಬರಬಹುದು, ಸಣ್ಣಗೆ ಬೆವರುಸಾಲೆಯಂತೆ ಮೈಮೇಲೆ ಏಳಬಹುದು, ಒಂದೆರಡು ದಿನಕ್ಕೆ ಇಳಿಯುತ್ತದೆ. ಪಾಪುವಿಗೆ ಕಳೆದ ಸಲ ಆದದ್ದು ಅಷ್ಟೇ. ಅದರ ಜೊತೆಗೇ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಡಿಪಿಟಿ ಬೂಸ್ಟರ್ ಕೊಡುತ್ತಾರೆ, ಅದಕ್ಕೆ ಅದೇ ರಾತ್ರಿ ಜ್ವರ ಬರಬಹುದು, ತೊಡೆ ಊದಬಹುದು. ತಣ್ಣೀರು ಬಟ್ಟೆ ಇಡು, ಡಾಕ್ಟರ್ ಹೇಳಿದ ಅಳತೆಗೆ ಪ್ಯಾರಾಸಿಟಮಾಲ್ ಸಿರಪ್ ಕೊಡು, ಊದಿದ ಕಡೆ ತಿಕ್ಕಬೇಡ. ತೀವ್ರ ಅಲರ್ಜಿ ಅಪರೂಪಕ್ಕೆ ಆಗುತ್ತದೆ, ಆದರೆ ಬೇಗ ಆಗುತ್ತದೆ. ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿಸುವುದು. ಕೆಲಸವಿದೆ ಎಂದು ಎದ್ದು ಬರಬೇಡ. ಸಣ್ಣ ನೆಗಡಿ ಇದ್ದರೆ ಮುಂದೂಡಬೇಕಾಗಿಲ್ಲ. ಜೋರು ಜ್ವರ ಇದ್ದರೆ ಇಳಿದ ಮೇಲೆ ಹೋಗು. ಮೈ ನಡುಕ, ಫಿಟ್ಸ್ ಏನಾದರೂ ಹಿಂದೆ ಆಗಿದ್ದರೆ ಸೂಜಿಗೆ ಮೊದಲೇ ಹೇಳಬೇಕು.

ನೀನು ಇನ್ನೊಂದು ಮಗುವಿನ ಯೋಚನೆಯಲ್ಲಿದ್ದರೆ, ನಿನಗೆ ರುಬೆಲ್ಲಾ ಲಸಿಕೆ ಆಗಿದೆಯೋ ಇಲ್ಲವೋ ಡಾಕ್ಟರನ್ನು ಕೇಳಿ ತಿಳಿದುಕೋ. ಆ ಕಾಯಿಲೆ ನಿನಗೆ ಬಂದರೆ ಮೂರು ದಿನದ ಸಣ್ಣ ಜ್ವರ, ಹೊಟ್ಟೆಯಲ್ಲಿರುವ ಕೂಸಿಗೆ ಬಂದರೆ ಕಣ್ಣು, ಕಿವಿ, ಹೃದಯ. ಬಸುರಿಯಾದ ಮೇಲೆ ಆ ಲಸಿಕೆ ಹಾಕುವಂತಿಲ್ಲ, ಮೊದಲೇ ಆಗಬೇಕು.

ತಾಯಿ ಕಾರ್ಡು ಹುಡುಕಿ ಇಟ್ಟುಕೋ. ಒಂಬತ್ತು ತಿಂಗಳಿನ ಸಾಲಿನಲ್ಲಿ ತಾರೀಖು ಬರೆದಿದೆಯೇ ನೋಡಿ, ಆ ಪುಟದ ಫೋಟೋ ನನಗೆ ಕಳಿಸು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಗುರುವಾರ ಹಾಕುತ್ತಾರೆ, ದುಡ್ಡಿಲ್ಲ, ಲಸಿಕೆಯೂ ಒಳ್ಳೆಯದೇ. ಬೆಳಗ್ಗೆ ಬೇಗ ಹೋಗು. ಕಲಸಿದ ಸೀಸೆ ನಾಲ್ಕು ಗಂಟೆಗಿಂತ ಹೆಚ್ಚು ಇಡುವಂತಿಲ್ಲ, ಮಧ್ಯಾಹ್ನ ಹೋದರೆ ಮುಗಿದುಹೋಗಿದೆ ಎನ್ನಬಹುದು. ಎ ವಿಟಮಿನ್ ಎರಡನೇ ಡೋಸನ್ನೂ ಆಗಲೇ ಕೇಳಿ ಹಾಕಿಸು. ಐದು ವರ್ಷಕ್ಕೆ ಇನ್ನೊಂದು ಬೂಸ್ಟರ್ ಇದೆ, ಶಾಲೆಗೆ ಸೇರಿಸುವ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಅದನ್ನೇ.

ನಿನ್ನಪ್ಪ ಮುಂದಿನ ವಾರ ಬೆಂಗಳೂರಿಗೆ ಬರುತ್ತಾನೆ. ಅವನ ಕೈಲಿ ಕಾಫಿಪುಡಿ, ಏಲಕ್ಕಿ, ಒಂದು ಸೀಸೆ ತುಡುವೆ ಜೇನು ಕಳಿಸುತ್ತಿದ್ದೇನೆ. ವರ್ಷ ತುಂಬದ ಮಕ್ಕಳಿಗೆ ಜೇನು ನೆಕ್ಕಿಸಬಾರದು, ಪಾಪುವಿಗೆ ಈಗ ಕೊಡಬಹುದು. ಪಕ್ಕದ ಮನೆಯ ಬಾಣಂತಿಗೆ ಕೊಟ್ಟರೆ ಈ ಮಾತು ಹೇಳಿಯೇ ಕೊಡು.

ಇಂತಿ ನಿನ್ನ
ಅತ್ತೆ