ಹಿಮ್ಮೇಳದವರ ಹೆಸರು

ಪ್ರಿಯ ಕಿರಿಯ ಮಿತ್ರರಿಗೆ,

ವಂದನೆಗಳು. ಅಮೆರಿಕದ ಗಾಯಕ ಫ್ರೆಡ್ ಪ್ಯಾರಿಸ್ ಅವರನ್ನು ನೆನೆದು ನೀವು ಬರೆದ ಲೇಖನದ ಕರಡನ್ನು ಎರಡು ಸಲ ಓದಿದೆ. ಮೊದಲ ಓದಿನಲ್ಲಿ ನಿಮ್ಮ ಪ್ರೀತಿ ಕಂಡಿತು. ಎರಡನೆಯ ಓದಿನಲ್ಲಿ, ಆ ಪ್ರೀತಿಯೆಲ್ಲ ಒಬ್ಬರ ಮೇಲೆಯೇ ಸುರಿದು, ಅವರ ಪಕ್ಕದಲ್ಲಿ ನಿಂತಿದ್ದವರು ಒಣಗಿ ಉಳಿದದ್ದು ಕಂಡಿತು. ಅರ್ಥವಿಲ್ಲದ ಸೊಲ್ಲುಗಳ ಹಿಮ್ಮೇಳದೊಡನೆ ಗುಂಪಾಗಿ ಹಾಡುವ ಅಮೆರಿಕದ ಡೂ-ವಾಪ್ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ಬಹಳ ಕಡಿಮೆ. ಎಷ್ಟೋ ಓದುಗರಿಗೆ ನಿಮ್ಮ ಲೇಖನವೇ ಮೊದಲ ಪರಿಚಯವಾಗಬಹುದು. ಆದ್ದರಿಂದ ಈ ಪತ್ರ ತುಸು ಉದ್ದವಾದರೆ ಸಹಿಸಿಕೊಳ್ಳಿ.

ಪ್ಯಾರಿಸ್ ಅವರ 'ಫೈವ್ ಸ್ಯಾಟಿನ್ಸ್' ತಂಡದ ಹೆಸರು ಬಂದಲ್ಲೆಲ್ಲ ನೀವು 'ಐವರು ಗಾಯಕರು' ಎಂದು ಬರೆದಿದ್ದೀರಿ. ಹೆಸರಿನಲ್ಲಿ ಐದು ಇರುವುದು ನಿಜ. ಆದರೆ ಅವರ ಹೆಸರಾಂತ ಹಾಡು 'ಇನ್ ದ ಸ್ಟಿಲ್ ಆಫ್ ದ ನೈಟ್' ರೆಕಾರ್ಡಿನಲ್ಲಿ ಹಾಡಿದವರು ನಾಲ್ವರು. ಮುಂದಿನ ದನಿ ಪ್ಯಾರಿಸ್ ಅವರದು. ಹಿಂದೆ ನಿಂತವರು ಆಲ್ ಡೆನ್ಬಿ, ಎಡ್ ಮಾರ್ಟಿನ್ ಮತ್ತು ಜಿಮ್ ಫ್ರೀಮನ್. ಈ ಮೂರು ಹೆಸರುಗಳಲ್ಲಿ ಒಂದೂ ನಿಮ್ಮ ಲೇಖನದಲ್ಲಿಲ್ಲ. ಹಾಡನ್ನು ಇನ್ನೊಮ್ಮೆ ಕೇಳಿ. ಪ್ಯಾರಿಸ್ ಬಾಯಿ ತೆರೆಯುವ ಮೊದಲೇ 'ಶೂ-ಡೂ-ಶೂಬಿ-ಡೂ' ಎಂಬ ಸೊಲ್ಲು ಕೇಳಿಬರುತ್ತದೆ. ಅದು ಈ ಮೂವರದು. ಆ ಸೊಲ್ಲು ಹಾಸಿಕೊಟ್ಟ ನೆಲದ ಮೇಲೆಯೇ ಮುಂದಿನ ದನಿ ನಡೆದು ಬರುತ್ತದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬ ಯುವಕನ ವಿರಹಗೀತೆ ಮಾತ್ರ, ಡೂ-ವಾಪ್ ಅಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಮ್ಮ ವಯಸ್ಸಿನಲ್ಲಿದ್ದಾಗ ನಾನು ಒಬ್ಬ ಹಿರಿಯ ಗಾಯಕರ ನಿಧನದ ಬಳಿಕ ಒಂದು ಲೇಖನ ಬರೆದೆ. ಮೆಚ್ಚುಗೆಯ ಪತ್ರಗಳು ಬಂದವು. ಅವುಗಳ ನಡುವೆ ಒಂದು ಅಂಚೆ ಕಾರ್ಡು ಇತ್ತು. ಆ ಗಾಯಕರಿಗೆ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು ಬರೆದದ್ದು. ಲೇಖನ ಚೆನ್ನಾಗಿದೆ ಎಂಬ ಒಂದೇ ಸಾಲು, ಕೆಳಗೆ ಸಹಿ. ನನ್ನ ಲೇಖನದಲ್ಲಿ ಅವರ ಹೆಸರು ಇರಲಿಲ್ಲ. ಆ ಸಹಿಯನ್ನು ನೋಡಿದಾಗ ಆದ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಒಬ್ಬರು ತೀರಿಕೊಂಡಾಗ ಅವರ ಜೊತೆ ಹಾಡಿದವರು, ನುಡಿಸಿದವರು ಆ ಬರಹದಲ್ಲಿ ತಮ್ಮ ಬದುಕಿನ ಗುರುತನ್ನೂ ಹುಡುಕುತ್ತಾರೆ ಎಂಬುದು ನನಗೆ ಅಂದು ತಿಳಿದಿರಲಿಲ್ಲ.

ಇನ್ನು ಹಾಡು ಹುಟ್ಟಿದ ಬಗೆ. ಇದಕ್ಕೆ ನೀವು ಎರಡೇ ವಾಕ್ಯ ಕೊಟ್ಟು, ಪ್ರಶಸ್ತಿ, ಸಿನಿಮಾಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ಅದನ್ನು ತಿರುವುಮುರುವು ಮಾಡಿ. ಕನೆಟಿಕಟ್ ರಾಜ್ಯದ ನ್ಯೂ ಹೇವನ್ ಊರಿನ ಹುಡುಗ ಪ್ಯಾರಿಸ್ ಸೈನ್ಯಕ್ಕೆ ಸೇರಿ ಫಿಲಡೆಲ್ಫಿಯಾದಲ್ಲಿದ್ದರು. ರಜೆಯಲ್ಲಿ ಊರಿಗೆ ಬಂದು, ಪ್ರೀತಿಸಿದ ಹುಡುಗಿಯೊಡನೆ ಕಾಲ ಕಳೆದು, ರೈಲಿನಲ್ಲಿ ಹಿಂದಿರುಗಿದ ಮೇಲೆ ರಾತ್ರಿಯ ಕಾವಲು ಪಾಳಿಯಲ್ಲಿ ಒಬ್ಬರೇ ನಿಂತು ಈ ಹಾಡನ್ನು ಕಟ್ಟಿದರು. 1956ರ ಫೆಬ್ರುವರಿಯಲ್ಲಿ ಅದರ ಧ್ವನಿಮುದ್ರಣ ನಡೆದದ್ದು ನ್ಯೂ ಹೇವನ್ನಿನ ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ. ಸ್ಯಾಕ್ಸೊಫೋನ್ ನುಡಿಸಿದ ವಿನ್ನಿ ಮಜೆಟ್ಟಾ ಅದೇ ಚರ್ಚಿಗೆ ಸೇರಿದವರಾಗಿದ್ದರಿಂದ ಆ ಜಾಗ ಸಿಕ್ಕಿತು. 'ಸ್ಟ್ಯಾಂಡರ್ಡ್' ಎಂಬ ಪದವನ್ನು ತುಸು ತಿರುಚಿದಂಥ 'ಸ್ಟ್ಯಾಂಡೋರ್ಡ್' ಎಂಬ ಪುಟ್ಟ ಕಂಪನಿ ಅದನ್ನು ಹೊರತಂದಾಗ ಈ ಹಾಡು ಇದ್ದದ್ದು ರೆಕಾರ್ಡಿನ ಹಿಂಬದಿಯಲ್ಲಿ. ಎಂಬರ್ ಕಂಪನಿ ಅದನ್ನು ಕೈಗೆತ್ತಿಕೊಂಡ ನಂತರ ದೇಶವೆಲ್ಲ ಕೇಳಿತು. ರಿದಮ್ ಅಂಡ್ ಬ್ಲೂಸ್ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ, ಪಾಪ್ ಪಟ್ಟಿಯಲ್ಲಿ 24ನೇ ಸ್ಥಾನಕ್ಕೆ ಏರಿತು.

ನೆಲಮಾಳಿಗೆಯ ವಿಷಯವನ್ನು ಬಿಡಬೇಡಿ. ಈ ಸಂಗೀತ ಬೆಳೆದದ್ದೇ ದನಿ ಗೋಡೆಗೆ ತಾಗಿ ಮರಳಿ ಬರುವ ಜಾಗಗಳಲ್ಲಿ. ನ್ಯೂಯಾರ್ಕ್, ಫಿಲಡೆಲ್ಫಿಯಾ, ಷಿಕಾಗೊಗಳ ಕಪ್ಪು ಹುಡುಗರು ವಾದ್ಯ ಕೊಳ್ಳಲು ಹಣವಿಲ್ಲದೆ ಮನೆಗಳ ಪಡಸಾಲೆ, ಶಾಲೆಯ ಶೌಚಾಲಯ, ಸುರಂಗ ರೈಲಿನ ನಿಲ್ದಾಣ, ಬೀದಿಯ ಮೂಲೆಗಳಲ್ಲಿ ಗುಂಪುಗೂಡಿ ಹಾಡಿದರು. ಬಾಸ್ ದನಿಯವನು ತಂತಿವಾದ್ಯವಾದ, ನಡುವಿನವರು ಕೊಳಲು ತುತ್ತೂರಿಗಳಾದರು, ಎಲ್ಲಕ್ಕಿಂತ ಮೇಲೆ ಎಳೆಯ ಟೆನರ್ ದನಿಯೊಂದು ಹಾರಾಡಿತು. ಲಾಸ್ ಏಂಜಲೀಸಿನ 'ಪೆಂಗ್ವಿನ್ಸ್' ತಂಡ 1954ರಲ್ಲಿ 'ಅರ್ತ್ ಏಂಜಲ್' ಹಾಡಿದ್ದು ಒಂದು ಮನೆಯ ಗ್ಯಾರೇಜಿನಲ್ಲಿ. ಅಭಿಮಾನಿಗಳು ಇಂಥ ರೆಕಾರ್ಡುಗಳನ್ನು ನೆನೆಯುವಾಗ ಅವರ ಮನಸ್ಸಿನಲ್ಲಿ ಸ್ವರದ ಜೊತೆಗೆ ಆ ಕೋಣೆಯೂ ಇರುತ್ತದೆ. ನಿಮ್ಮ ಓದುಗರೂ ಒಮ್ಮೆ ಆ ಮೆಟ್ಟಿಲಿಳಿದು ಕೆಳಗೆ ಬರುವಂತಾಗಲಿ.

'ಶೂ-ಡೂ'ಗೆ ನೀವು ನಮ್ಮ ಸೋಬಾನೆ, ಕೋಲಾಟದ ಪದಗಳ ಹೋಲಿಕೆ ಕೊಟ್ಟಿದ್ದೀರಿ. ಅರ್ಥವಿಲ್ಲದ ಸೊಲ್ಲು ಹಾಡನ್ನು ಹಿಡಿದು ನಿಲ್ಲಿಸುವ ಬಗೆ ನಮ್ಮ ಓದುಗರಿಗೆ ಬೇಗ ತಿಳಿಯಲೆಂಬ ನಿಮ್ಮ ಉದ್ದೇಶ ಒಳ್ಳೆಯದು. ಒಂದು ವಾಕ್ಯಕ್ಕೆ ಅದು ಸಾಕು. ಇಡೀ ಪ್ಯಾರಾ ಅದರ ಮೇಲೆ ನಿಂತರೆ ನ್ಯೂಯಾರ್ಕಿನ ಹಾರ್ಲೆಮ್ಮಿನ ಹುಡುಗರು ಮರೆಯಾಗಿ ನಮ್ಮ ಹಬ್ಬದ ಅಂಗಳವೇ ಮುಂದೆ ಬರುತ್ತದೆ. ಹಾಗೆಯೇ 'ಡೂ-ವಾಪ್' ಎಂಬ ಹೆಸರನ್ನು ಆ ಕಾಲದ ಗಾಯಕರ ಬಾಯಲ್ಲಿ ಇಡಬೇಡಿ. 'ಟರ್ಬನ್ಸ್' ತಂಡ 1955ರಲ್ಲೇ ಆ ಸೊಲ್ಲನ್ನು ಹಾಡಿದ್ದುಂಟು. ಆದರೆ ಒಂದು ಪ್ರಕಾರದ ಹೆಸರಾಗಿ ಅದು ಹರಡಿದ್ದು ಅದರ ಉಚ್ಛ್ರಾಯ ಮುಗಿಯುತ್ತಿದ್ದ 1960ರ ದಶಕದಲ್ಲಿ. ಇನ್ನೊಂದು ಸಣ್ಣ ತಿದ್ದುಪಡಿ: ಹಾಡಿನ ಕರ್ತೃ ಕೋಲ್ ಪೋರ್ಟರ್ ಎಂದು ಬರೆದಿದ್ದೀರಿ. ಇದೇ ಹೆಸರಿನ ಅವರ ಹಾಡು 1937ರದು, ಬೇರೆಯದು. ಆ ಗೊಂದಲ ಬೇಡವೆಂದೇ ಪ್ಯಾರಿಸ್ ಅವರ ರೆಕಾರ್ಡಿನ ಮೇಲೆ ಕೊನೆಯ ಪದದ ಇಂಗ್ಲಿಷ್ ಕಾಗುಣಿತವನ್ನು (Night ಬದಲು Nite) ಬೇರೆ ಮಾಡಿ ಅಚ್ಚು ಹಾಕಿದರು.

ಈಗ ಅಭಿಮಾನಿಗಳ ವಿಚಾರಕ್ಕೆ ಬರುತ್ತೇನೆ. ನಿಮ್ಮ ಲೇಖನದ ಹೃದಯ ಇರುವುದು ಅಲ್ಲಿಯೇ. 2022ರ ಜನವರಿ 13ರಂದು ಪ್ಯಾರಿಸ್ 85ನೇ ವಯಸ್ಸಿನಲ್ಲಿ ತೀರಿಕೊಂಡಾಗ ಜನ ಹಳೆಯ ದಿನಗಳನ್ನು ನೆನೆಯತೊಡಗಿದರು ಎಂದು ನೀವು ಬರೆದಿದ್ದೀರಿ. ಆ ನೆನಪು ಅಂದು ಶುರುವಾದದ್ದಲ್ಲ. 1959ರಲ್ಲಿ ಆರ್ಟ್ ಲಬೋ ಎಂಬ ರೇಡಿಯೊ ನಿರೂಪಕರು ಹಳೆಯ ಹಾಡುಗಳನ್ನು ಕೂಡಿಸಿ ಒಂದು ದೊಡ್ಡ ರೆಕಾರ್ಡು ತಂದರು. ಅದರಲ್ಲಿ ಈ ಹಾಡೂ ಇತ್ತು. ಮೂರೇ ವರ್ಷದ ಹಿಂದಿನ ಹಾಡು 'ಹಳೆಯದು' ಎನಿಸಿಕೊಂಡಿತ್ತು! ಪ್ಯಾರಿಸ್ ಅವರಿಗೆ ಆಗ 23 ವರ್ಷ. 1956ರಲ್ಲಿ ಶಾಲೆಯ ಕುಣಿತದ ಸಂಜೆಗಳಲ್ಲಿ ಈ ಹಾಡಿಗೆ ಹೆಜ್ಜೆ ಹಾಕಿದ ಮಕ್ಕಳು ಅಷ್ಟರಲ್ಲಿ ಶಾಲೆ ಮುಗಿಸಿ ಕೆಲಸಕ್ಕೋ ಸೈನ್ಯಕ್ಕೋ ಮದುವೆಗೋ ಹೊರಟಿದ್ದರು. ಅವರ ಪಾಲಿಗೆ ಆ ಮೂರು ವರ್ಷ ಒಂದು ಕಾಲವೇ ಆಗಿತ್ತು. ಪ್ಯಾರಿಸ್ ಅವರ ಮೂಲ ರೆಕಾರ್ಡು 1960ರಲ್ಲಿ, ಮತ್ತೆ 1961ರಲ್ಲಿ ಪಟ್ಟಿಗೆ ಮರಳಿತು. ನ್ಯೂಯಾರ್ಕಿನ ಡಬ್ಲ್ಯೂಸಿಬಿಎಸ್-ಎಫ್‌ಎಂ ರೇಡಿಯೊ ಕೇಂದ್ರದ ಕೇಳುಗರ ಮೆಚ್ಚಿನ 500 ಹಾಡುಗಳ ಎಣಿಕೆಯಲ್ಲಿ ಅನೇಕ ವರ್ಷ ಇದು ಮೊದಲನೆಯದಾಗಿತ್ತು. ಹಾಡಿನ ಮಾತೇ ಕಳೆದ ರಾತ್ರಿಯೊಂದನ್ನು ಮರೆಯೆನೆಂಬ ಮಾತು. ಹೀಗಾಗಿ ಅಭಿಮಾನಿಗಳು ಅದನ್ನು ನೆನೆಯುವುದೆಂದರೆ ಹಾಡು ಮಾಡುತ್ತಿದ್ದ ಕೆಲಸವನ್ನೇ ತಾವು ಮುಂದುವರಿಸುವುದು ಎಂದು ನನಗೆ ಅನ್ನಿಸುತ್ತದೆ.

ಆ ನೆನಪುಗಳನ್ನು ಗೌರವದಿಂದ ಬರೆದುಕೊಳ್ಳಿ, ಆದರೆ ದಿನಾಂಕಕ್ಕೆ ಅವನ್ನೇ ನಂಬಬೇಡಿ. ಒಬ್ಬ ಅಭಿಮಾನಿ 1957ರಲ್ಲಿ ಪ್ಯಾರಿಸ್ ಅವರನ್ನು ವೇದಿಕೆಯ ಮೇಲೆ ಕಂಡು ಕಣ್ತುಂಬಿಕೊಂಡದ್ದಾಗಿ ಹೇಳುವುದನ್ನು ನೀವು ಹಾಗೆಯೇ ಕೊಟ್ಟಿದ್ದೀರಿ. ಹಾಡು ಗೆದ್ದ ಹೊತ್ತಿನಲ್ಲಿ ಪ್ಯಾರಿಸ್ ಸೈನಿಕರಾಗಿ ಜಪಾನಿನಲ್ಲಿದ್ದರು. ಅವರಿಲ್ಲದ ತಂಡದಲ್ಲಿ ಬಿಲ್ ಬೇಕರ್ ಮುಂದಿನ ದನಿಯಾದರು. 1957ರ 'ಟು ದಿ ಐಲ್' ಹಾಡಿನಲ್ಲಿ ಕೇಳುವುದು ಅವರನ್ನೇ. ಆ ಅಭಿಮಾನಿ ಅಂದು ಅತ್ತದ್ದು ಬೇಕರ್ ಅವರ ದನಿಗೆ ಇದ್ದೀತು. ಅತ್ತದ್ದು ಸುಳ್ಳಲ್ಲ. ನೆನಪನ್ನು ಉಳಿಸಿಕೊಂಡೇ, ಬೇಕರ್ ಅವರಿಗೆ ಸಲ್ಲಬೇಕಾದದ್ದನ್ನು ಪಕ್ಕದ ಒಂದು ವಾಕ್ಯದಲ್ಲಿ ಸಲ್ಲಿಸಿ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನೀವು ಉದ್ಧರಿಸಿದ ನೆನಪುಗಳಲ್ಲಿ ಹೆಚ್ಚಿನವು ಆ ದಿನಗಳನ್ನು ಮುಗ್ಧ, ನಿಶ್ಚಿಂತ ಕಾಲವೆಂದು ಬಣ್ಣಿಸುತ್ತವೆ. ಕೇಳುಗರಿಗೆ ಹಾಗಿದ್ದಿರಬಹುದು. ಹಾಡಿದವರಿಗೆ ಅದು ಬಣ್ಣಭೇದದ ಕಾಲ. ದಕ್ಷಿಣದ ಊರುಗಳಲ್ಲಿ ತಮ್ಮ ಹಾಡು ಮೊಳಗುತ್ತಿದ್ದ ಹೋಟೆಲಿನಲ್ಲೇ ಕೂತು ಉಣ್ಣುವಂತಿರಲಿಲ್ಲ. ಎಷ್ಟೋ ತಂಡಗಳ ಗಳಿಕೆ ಕಂಪನಿಗಳ ಲೆಕ್ಕದ ಪುಸ್ತಕದಲ್ಲೇ ಕರಗಿತು. ಡೂ-ವಾಪ್ ಗಾಯಕ ಫ್ರಾಂಕಿ ಲೈಮನ್ ಹದಿಮೂರನೇ ವಯಸ್ಸಿಗೆ ದೇಶವನ್ನೇ ಕುಣಿಸಿ, 1968ರಲ್ಲಿ, ಕೇವಲ 25 ವರ್ಷಕ್ಕೆ, ಹಾರ್ಲೆಮ್ಮಿನಲ್ಲಿ ತೀರಿಕೊಂಡರು. ಪ್ಯಾರಿಸ್ ವೃದ್ಧಾಪ್ಯದವರೆಗೆ ಬದುಕಿ ತಮ್ಮ ಹಾಡನ್ನು ಹಾಡುತ್ತಲೇ ಇದ್ದರೆಂಬುದರ ಬೆಲೆ ಲೈಮನ್ ಅವರಂಥವರ ಪಕ್ಕದಲ್ಲಿಟ್ಟಾಗ ತಿಳಿಯುತ್ತದೆ. ಇದನ್ನು ಬರೆದರೆ ಅಭಿಮಾನಿಗಳ ಸಂತೋಷಕ್ಕೆ ಭಂಗ ಬರುತ್ತದೆಂದು ನೀವು ಅಂಜಿರಬಹುದು. ಅಂಜಬೇಡಿ; ಅವರ ಪ್ರೀತಿ ಅಷ್ಟು ತೆಳುವಾದುದಲ್ಲ.

ಪ್ರಶಸ್ತಿಗಳ ಪುಟ ತೆಗೆಯಿರಿ. ಸಿನಿಮಾಗಳಲ್ಲಿ 'ಡರ್ಟಿ ಡ್ಯಾನ್ಸಿಂಗ್' ಒಂದನ್ನು ಉಳಿಸಿಕೊಂಡರೆ ಸಾಕು, 1987ರ ಆ ಚಿತ್ರದಿಂದ ಹೊಸ ತಲೆಮಾರು ಈ ಹಾಡಿಗೆ ಬಂತು. ಲೇಖನವನ್ನು ಸಾವಿನ ದಿನದಿಂದ ಆರಂಭಿಸದೆ ಫೆಬ್ರುವರಿಯ ಆ ನೆಲಮಾಳಿಗೆಯಿಂದ ಆರಂಭಿಸಿ. ಮೊದಲ ಪ್ಯಾರಾದಲ್ಲಿಯೇ ಡೆನ್ಬಿ, ಮಾರ್ಟಿನ್, ಫ್ರೀಮನ್ ಸೊಲ್ಲು ಎತ್ತಲಿ. ಪ್ಯಾರಿಸ್ ಎರಡನೆಯ ಪ್ಯಾರಾದಲ್ಲಿ ಬರಲಿ, ರೆಕಾರ್ಡಿನಲ್ಲಿ ಬಂದ ಹಾಗೆಯೇ. ತಿದ್ದಿದ ಪ್ರತಿಗಾಗಿ ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಹಿತೈಷಿ