ಅಪ್ಪನ ತೋಟದ ವಿಷಯ ನಿನಗೆ ಹೇಳಿರಲಿಲ್ಲ

ಪ್ರಿಯ ಪಟೇಲ,

ದೆಹಲಿಗೆ ಬಂದು ಮೂರು ದಿನವಾಯ್ತು. ಕೆಲಸ ಬೇಗ ಮುಗಿಯಿತು ಅಂತ ನಿನ್ನೆ ಹುಮಾಯೂನನ ಸಮಾಧಿ ನೋಡಲು ಹೋಗಿದ್ದೆ. ನಿನ್ನ ಆ ಕೆಂಪು ಟವೆಲ್ಲಿನ ಹಳೇ ತಮಾಷೆ ಇಲ್ಲಿ ಎತ್ತಲ್ಲ, ಹೆದರಬೇಡ.

ಗುಮ್ಮಟ ಚೆನ್ನಾಗಿದೆ. ಆದರೆ ನನ್ನನ್ನು ನಿಲ್ಲಿಸಿದ್ದು ಕಾಲುವೆ ಕಣೋ. ಅಗಲವೇನಿಲ್ಲ, ದಾರಿಯ ನಡುವೆ ಹರಿಯುವ ಸಣ್ಣ ಕಲ್ಲಿನ ಕಾಲುವೆ, ಅಲ್ಲಲ್ಲಿ ಪುಟ್ಟ ಕೊಳ. ಅದರ ಇಳುಕಲು ಎಷ್ಟು ಗೊತ್ತಾ? 40 ಮೀಟರಿಗೆ 1 ಸೆಂಟಿಮೀಟರ್! ನಾವಿಬ್ಬರೂ ತೋಟಕ್ಕೆ ನೀರು ಕಟ್ಟುವಾಗ ಕಾಲುವೆಯ ಮಡೆ ತಿರುಗಿಸಿದ ಮೇಲೂ ನೀರು ಮುಂದಕ್ಕೆ ಹೋಗದೆ ಅಪ್ಪನ ಹತ್ತಿರ ಬೈಸಿಕೊಳ್ಳುತ್ತಿದ್ದೆವಲ್ಲ, ಆ ಕಷ್ಟ ಕಂಡವರಿಗೇ ಈ ಲೆಕ್ಕದ ಬೆಲೆ ಗೊತ್ತಾಗೋದು.

ಇಂಥ ತೋಟಕ್ಕೆ ಚಾರ್‌ಬಾಗ್ ಅಂತಾರೆ, ನಾಲ್ಕು ಪಾಲಿನ ತೋಟ. ಕುರಾನಿನ ಸ್ವರ್ಗದಲ್ಲಿ ನೀರು, ಹಾಲು, ಮದ್ಯ, ಜೇನಿನ ನದಿಗಳಿವೆ. ಈ ಕಾಲುವೆಗಳು ಅವುಗಳ ನೆರಳು. ಇಲ್ಲಿ ತೋಟದ ನಾಲ್ಕು ಪಾಲನ್ನೂ ಮತ್ತೆ ಒಡೆದು 36 ಚೌಕ ಮಾಡಿದ್ದಾರೆ. ಈ ಯೋಚನೆಯನ್ನು ನಮ್ಮ ದೇಶಕ್ಕೆ ತಂದವನು ಹುಮಾಯೂನನ ಅಪ್ಪ ಬಾಬರ್. 1526ರಲ್ಲಿ ಗೆದ್ದು ಆಗ್ರಾಕ್ಕೆ ಬಂದವನಿಗೆ ಬಿಸಿಲು, ಧೂಳು, ಹರಿಯುವ ನೀರಿಲ್ಲದ ನೆಲ ಕಂಡು ಬೇಸರವಾಯಿತಂತೆ. ಮೊದಲು ಬಾವಿ ತೋಡಿಸಿ ಆಮೇಲೆ ತೋಟ ಮಾಡಿಸಿದ. ಇದು ನಮ್ಮ ಸೀಮೆಯ ಯಾವ ರೈತನ ಕಥೆಯೂ ಆಗಬಹುದು. ಹೈದರಾಲಿ 1760ರಲ್ಲಿ ಲಾಲ್‌ಬಾಗಿಗೆ ಮಾದರಿಯಾಗಿಟ್ಟುಕೊಂಡಿದ್ದು ನಮ್ಮ ಶಿರಾದ ಮೊಗಲರ ತೋಟವನ್ನೇ ಅಂತ ಮೇಷ್ಟ್ರು ಹೇಳಿದಾಗ ನೀನು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ, ನೆನಪಿದೆಯಾ?

ಕಾಲುವೆಯ ಜೊತೆಗೇ ನಡೆಯುತ್ತಾ ಹೋದೆ. ಸಮಾಧಿ ನಿಂತಿರುವ ಕಲ್ಲಿನ ಜಗತಿಯ ಹತ್ತಿರ ಬಂದಾಗ ಅದು ಕಣ್ಮರೆಯಾಯಿತು. ಸುತ್ತಿಕೊಂಡು ಆಚೆ ಬದಿಗೆ ಹೋದರೆ ಅದೇ ಸಾಲಿನಲ್ಲಿ ಮತ್ತೆ ಕಾಲುವೆ. ನೀರು ಸತ್ತವನ ಅಡಿಯಲ್ಲೇ ಹರಿದು ಬಂದ ಹಾಗೆ. ಸ್ವರ್ಗದ ತೋಟಗಳ ಕೆಳಗೆ ನದಿ ಹರಿಯುತ್ತದೆ ಅನ್ನುವ ಮಾತನ್ನು ಕಲ್ಲಿನಲ್ಲಿ ಹೇಳಿದ್ದಾರೆ. ಇದನ್ನೆಲ್ಲ ಕಟ್ಟಿಸಿದ್ದು ಹುಮಾಯೂನನ ಹೆಂಡತಿ ಬೇಗಾ ಬೇಗಂ, ಗಂಡ ಸತ್ತ ಮೇಲೆ.

ಅಲ್ಲೇ ಕೂತುಬಿಟ್ಟೆ ಪಟೇಲ.

ಯುಗಾದಿಗೆ ನೀನು ಫೋನಿನಲ್ಲಿ "ತೋಟ ಹೆಂಗೈತೆ" ಅಂದಾಗ "ಚೆನ್ನಾಗೈತೆ" ಅಂದೆ. ಸುಳ್ಳು. ಸಂಕ್ರಾಂತಿಗೆ ಮುಂಚೆಯೇ ಮಾರಿದ್ದೆ. ಎರಡು ಬೋರ್ ಕೈಕೊಟ್ಟವು, ತೆಂಗಿನ ಸುಳಿ ಒಣಗಿತು, ಸಾಲವಿತ್ತು. ಇದೆಲ್ಲ ನಿಜ. ಆದರೆ ಅಪ್ಪನನ್ನು ಮಣ್ಣು ಮಾಡಿದ್ದು ಆ ಈಶಾನ್ಯ ಮೂಲೆಯಲ್ಲೇ ಅಲ್ವಾ? ಎಂಟಡಿ ಜಾಗ ಬಿಟ್ಟು ಬರೆಸಿಕೊಳ್ಳಿ ಅಂತ ಕೇಳಬಹುದಿತ್ತು. ಕೇಳಲಿಲ್ಲ. ರೇಟು ಕಮ್ಮಿಯಾಗುತ್ತೆ ಅಂತ ಬಾಯಿ ಮುಚ್ಚಿಕೊಂಡೆ. ಅಮ್ಮನಿಗೂ ಇದು ಗೊತ್ತಿಲ್ಲ. ಈಗ ಅಲ್ಲಿ ಕಾಂಪೌಂಡ್ ಎದ್ದಿದೆಯಂತೆ. ಇಂಗ್ಲಿಷಿನವರ ಪ್ಯಾರಡೈಸ್ ಅನ್ನುವ ಮಾತಿನ ಬೇರು ಹಳೆಯ ಇರಾನಿನದು, ಸುತ್ತ ಗೋಡೆ ಕಟ್ಟಿದ ಜಾಗ ಅಂತ ಅರ್ಥ. ಮೊದಲು ಓದಿದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತ್ತು. ನಿನ್ನೆ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಗೋಡೆಯ ಆಚೆ ನಿಂತವನು ನಾನು.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಕಾಲುವೆಯ ಫೋಟೋ ಕಳಿಸಿ ಸುಮ್ಮನಾಗೋಣ ಅಂತಿದ್ದೆ.

ಒಂದು ಕೆಲಸ ಮಾಡ್ತೀಯಾ? ತೋಟ ಕೊಂಡವರು ನಿನ್ನ ಮಾತು ಕೇಳ್ತಾರೆ. ಭಾನುವಾರ ಹೋಗಿ ಆ ಮೂಲೆ ಹಾಗೇ ಇದೆಯಾ ನೋಡಿ ಹೇಳು. ಇದ್ದರೆ ಒಂದು ಕೊಡ ನೀರು ಹಾಕು. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಬರ್ತೀನಿ, ಮಿಕ್ಕಿದ್ದನ್ನು ಎದುರಿಗೇ ಕೂತು ಮಾತಾಡೋಣ.

ಮತ್ತೆ, ಆ ಟವೆಲ್ ಸುತ್ತಿಕೊಂಡು ಮಾತ್ರ ಹೋಗಬೇಡ ಮಾರಾಯ.

ನಿನ್ನ
ಮಡೆ ಕಾಯುವವ