ನೌಕರ ಇರುವ ದೇಶದ ಕಾನೂನನ್ನೇ ಪಾಲಿಸಿ

ಮಾನ್ಯ ಸಂಪಾದಕರೇ,

ಹಲವು ದೇಶಗಳಲ್ಲಿರುವ ನೌಕರರ ಸಂಬಳದ ಲೆಕ್ಕ ನೋಡುವುದು ನನ್ನ ಕೆಲಸ. ಹೊರದೇಶದಲ್ಲಿ ನೇಮಕ ಮಾಡಿಕೊಳ್ಳುವ ಸಣ್ಣ ಕಂಪನಿಗಳು ತಮ್ಮಲ್ಲಿಯ ನೇಮಕಾತಿ ಪತ್ರಕ್ಕೇ ಹೆಸರು ಬದಲಿಸಿ ಕಳಿಸಿಬಿಡುತ್ತವೆ. ಪೆಟ್ಟು ಬೀಳುವುದು ನೌಕರನಿಗೆ.

ಜರ್ಮನಿಯಲ್ಲಿ ಇ-ಮೇಲ್ ಕಳಿಸಿ ಕೆಲಸದಿಂದ ತೆಗೆದರೆ ಅದು ಊರ್ಜಿತವಲ್ಲ. ಕಾಗದದ ಮೇಲೆ ಶಾಯಿಯ ಸಹಿಯೇ ಬೇಕು. ವಾರಕ್ಕೆ 5 ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ. ಫಿಲಿಪ್ಪೀನ್ಸ್‌ನಲ್ಲಿ ಸಾಮಾನ್ಯ ನೌಕರರಿಗೆ 13ನೇ ತಿಂಗಳ ಸಂಬಳ, ಅಂದರೆ ವರ್ಷಕ್ಕೊಮ್ಮೆ ಹೆಚ್ಚುವರಿಯಾಗಿ ಕೊಡುವ ಸಂಬಳ, ಡಿಸೆಂಬರ್ 24ರೊಳಗೆ ಸಿಗಬೇಕು. ‘ಒಪ್ಪಂದದಲ್ಲಿ ಬರೆದಿಲ್ಲವಲ್ಲ’ ಎಂದು ಮ್ಯಾನೇಜರ್ ಒಬ್ಬರು ನನ್ನನ್ನು ಕೇಳಿದ್ದರು. ಬರೆಯದಿದ್ದರೂ ಕೊಡಲೇಬೇಕು, ಅದು ಅಲ್ಲಿಯ ಕಾನೂನು.

ನನಗೆ ಹೆಚ್ಚು ನೋವಾಗುವುದು ನೌಕರರನ್ನು ಕನ್ಸಲ್ಟೆಂಟ್ (ಸ್ವತಂತ್ರವಾಗಿ ಕೆಲಸ ಮಾಡಿಕೊಡುವವರು) ಎಂದು ತೋರಿಸುವುದನ್ನು ಕಂಡಾಗ. ಬೆಳಿಗ್ಗೆ 9ಕ್ಕೆ ಲಾಗಿನ್, ಕಂಪನಿಯದೇ ಲ್ಯಾಪ್‌ಟಾಪ್, ರಜೆಗೆ ಮ್ಯಾನೇಜರ್ ಒಪ್ಪಿಗೆ. ಆದರೂ ತಿಂಗಳ ಕೊನೆಗೆ ಅವರೇ ಇನ್‌ವಾಯ್ಸ್ ಕಳಿಸಬೇಕು. ಪಿಂಚಣಿಯಿಲ್ಲ, ಹೆರಿಗೆ ರಜೆಯಿಲ್ಲ, ಕಾಯಿಲೆ ಬಿದ್ದರೆ ಆ ದಿನಗಳ ದುಡ್ಡೂ ಇಲ್ಲ. ಕಾಗದದಲ್ಲಿ ಏನು ಬರೆದಿದೆ ಎನ್ನುವುದಕ್ಕಿಂತ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನು ನೋಡಿ ಉದ್ಯೋಗ ಸಂಬಂಧ ಇದೆಯೇ ಎಂದು ನಿರ್ಧರಿಸಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರ ತನ್ನ 198ನೇ ಶಿಫಾರಸಿನಲ್ಲೇ ಹೇಳಿದೆ.

ಸ್ವಂತ ಶಾಖೆ ತೆರೆಯಲಾಗದಿದ್ದರೆ, ಅನೇಕ ದೇಶಗಳಲ್ಲಿ ಸ್ಥಳೀಯ ಕಾನೂನಿನಂತೆ ತಮ್ಮ ಪಟ್ಟಿಗೇ ನೌಕರರನ್ನು ಸೇರಿಸಿಕೊಂಡು ಸಂಬಳ, ತೆರಿಗೆ, ವಿಮೆ ನೋಡಿಕೊಳ್ಳುವ ಸಂಸ್ಥೆಗಳಿವೆ. ಅವುಗಳ ಶುಲ್ಕ ದುಬಾರಿಯೆನಿಸಬಹುದು. ಆ ಖರ್ಚನ್ನು ಆಫರ್ ಲೆಟರ್ ಕಳಿಸುವ ಮೊದಲೇ ಬಜೆಟ್‌ನಲ್ಲಿ ತೆಗೆದಿಡಿ, ದಯವಿಟ್ಟು.

– ವೇತನ ವಿಭಾಗದ ಉದ್ಯೋಗಿ